ಟೆಟಾ ಓಲ್ಗಾಳ ಬೋಳು ಅಂಗಳ

ಬೀಚಮ್‌ನಲ್ಲಿ ಚುನಾವಣೆ ಯಾರು ಗೆಲ್ಲುತ್ತಾರೆಂದು ತಿಳಿಯಬೇಕಾದರೆ ಪೇಪರು ಓದಬೇಕಾಗಿರಲಿಲ್ಲ. ಸೇತುವೆ ಇಳಿದು ಮೂರನೆಯ ಬೀದಿಗೆ ತಿರುಗುವ ಮೂಲೆಯಲ್ಲಿ ಓಲ್ಗಾ ಮಿಹಾಲಿಕ್‌ಳ ಅಂಗಳವಿದೆ, ಅದನ್ನು ನೋಡಿದರೆ ಸಾಕಿತ್ತು. ಅಲ್ಲಿ ಕೆಂಪು ದೀಪ ಬಿದ್ದರೆ ಬೇಗ ಹಸಿರಾಗುವುದಿಲ್ಲ. ಕಾರಿನಲ್ಲಿ ಕೂತವರು ಬೇಸರಕ್ಕೆ ಬಲಗಡೆ ಕತ್ತು ತಿರುಗಿಸಿ, ಈ ಸಲ ಟೆಟಾ ಓಲ್ಗಾ ಯಾವ ಹುರಿಯಾಳಿನ ಹೆಸರಿನ ಬೋರ್ಡು ನೆಟ್ಟಿದ್ದಾಳೆ ಎಂದು ನೋಡುತ್ತಿದ್ದರು. ನೋಡಿದ ಮೇಲೆ ಒಪ್ಪುತ್ತಿದ್ದರೋ ಬಿಡುತ್ತಿದ್ದರೋ, ಆದರೆ ಮನೆಗೆ ಹೋಗಿ ಹೇಳದೆ ಇರುತ್ತಿರಲಿಲ್ಲ.

ಟೆಟಾ ಎಂದರೆ ನಮ್ಮ ಸ್ಲೋವಾಕ್ ಮನೆಗಳಲ್ಲಿ ಅತ್ತೆಯೂ ಹೌದು, ಚಿಕ್ಕಮ್ಮನೂ ಹೌದು. ಊರಿಗೆಲ್ಲ ಅವಳು ಟೆಟಾ ಆದದ್ದು ರಕ್ತಸಂಬಂಧದಿಂದಲ್ಲ, ಶಾಲೆಯ ಹಳದಿ ಬಸ್ಸಿನಿಂದ. ಆ ಬಸ್ಸು ಓಡಿಸುತ್ತಲೇ ಅವಳ ಕೂದಲು ಬೆಳ್ಳಗಾಯಿತು. ಒಂದು ಚಳಿಗಾಲ ಹಿಮಗಾಳಿಗೆ ಸಿಕ್ಕಿ ಬಸ್ಸು ಗುಡ್ಡದ ಅರ್ಧದಲ್ಲೇ ನಿಂತುಬಿಟ್ಟಾಗ, ಮಕ್ಕಳ ಮಫ್ಲರುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ಹಗ್ಗ ಮಾಡಿ, ಎಲ್ಲರ ಕೈಗೂ ಹಿಡಿಸಿ, ತಾನು ಮುಂದೆ ನಿಂತು ಅಗ್ನಿಶಾಮಕ ಠಾಣೆಯವರೆಗೆ ನಡೆಸಿಕೊಂಡು ಬಂದಿದ್ದಳು. ಅತ್ತವರಿಗೆ ಸಮಾಧಾನ ಹೇಳಲಿಲ್ಲ, ಗದರಿಸಿದಳು. ಆ ಮಕ್ಕಳಿಗೆಲ್ಲ ಈಗ ಮಕ್ಕಳಾಗಿವೆ, ಆದರೂ ಅವಳು "ಕೂತ್ಕೊಳ್ರೋ!" ಎಂದರೆ ಬ್ಯಾಂಕಿನ ಮ್ಯಾನೇಜರನೂ ಥಟ್ಟನೆ ಕೂತುಬಿಡುತ್ತಾನೆ.

ಅವಳ ಗಂಡ ಆಂಡಿ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದ. ಅವರಿಗೆ ಮಕ್ಕಳಾಗಲಿಲ್ಲ. ಆಂಡಿಯ ಅಣ್ಣನ ಹೆಂಡತಿ ತೀರಿಕೊಂಡು, ಅಣ್ಣ ಕುಡಿತಕ್ಕೆ ಬಿದ್ದು ಊರು ಬಿಟ್ಟಾಗ, ಅವನ ಮಗ ಲೆನ್ನಿ ಇವರ ಮನೆಗೆ ಬಂದ. ಆಗ ಅವನಿಗೆ ಒಂಬತ್ತು ವರ್ಷ. ಬೆಳೆದು ಆಂಬ್ಯುಲೆನ್ಸಿನಲ್ಲಿ ಕೆಲಸಕ್ಕೆ ಸೇರಿದ. ಊರಿನ ಅರ್ಧ ಜನರನ್ನು ಅವಳು ಶಾಲೆಗೆ ಸಾಗಿಸಿದಳು, ಉಳಿದರ್ಧವನ್ನು ಅವನು ಆಸ್ಪತ್ರೆಗೆ ಸಾಗಿಸಿದ ಎಂದು ನಾವು ನಗುತ್ತಿದ್ದೆವು. ಯಾರಾದರೂ "ಇವನು ಯಾರು?" ಎಂದು ಕೇಳಿದರೆ ಓಲ್ಗಾ, "ಆಂಡಿಯ ಅಣ್ಣನ ಮಗ" ಎನ್ನುತ್ತಿದ್ದಳು. ಅದು ನಿಜವೇ ತಾನೆ. ಸುಳ್ಳೆಂದರೆ ಅವಳಿಗೆ ಮೈಯುರಿ, ಅರ್ಧ ಸುಳ್ಳೂ ಆಗದು. ಆಂಡಿ ಸತ್ತ ಮೇಲೂ ಅವಳ ಬಾಯಲ್ಲಿ ಲೆನ್ನಿ ಆಂಡಿಯ ಅಣ್ಣನ ಮಗನಾಗಿಯೇ ಉಳಿದ.

ಇನ್ನು ದೇಶದ ಅಧ್ಯಕ್ಷರ ಕಥೆ ಹೇಳಬೇಕು. ನಮ್ಮೂರಿನ ಹೆಸರನ್ನು ಬರೆಯುವುದು ಫ್ರೆಂಚರ ಹಾಗೆ, ಕರೆಯುವುದು ಮಾತ್ರ ಬೀಚಮ್ ಎಂದು. ಕಾಗದದ ಮೇಲೆ ನೋಡಿ ಓದುವ ಹೊರಗಿನವರು ನಾಲಗೆ ಸುರುಳಿ ಸುತ್ತಿಸಿ 'ಬೋಶಾಂ' ಎನ್ನುತ್ತಾರೆ. ಹಾಗೆಂದವನು ಇಲ್ಲಿಯವನಲ್ಲ ಎಂದು ಅಲ್ಲಿಗೇ ತೀರ್ಮಾನವಾಗುತ್ತದೆ. ಕಾರ್ಖಾನೆ ಇನ್ನೂ ಹೊಗೆ ಬಿಡುತ್ತಿದ್ದ ಕಾಲದಲ್ಲಿ, ಒಬ್ಬ ಹುರಿಯಾಳು ಮತ ಕೇಳಲು ಬೆಳಗಿನ ಪಾಳಿಯ ಹೊತ್ತಿಗೆ ಗೇಟಿನ ಮುಂದೆ ಬಂದು ನಿಂತು, "ಬೋಶಾಂನ ಬಂಧುಗಳೇ" ಎಂದು ಶುರು ಮಾಡಿದ. ಆಂಡಿ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಬಂದಿದ್ದ ಓಲ್ಗಾ, ಗುಂಪಿನ ಹಿಂದಿನಿಂದ ಬಸ್ಸಿನ ದನಿಯಲ್ಲಿ ಕೂಗಿದಳು: "ಬೀಚಮ್ ಸ್ವಾಮೀ! ಬೀಚ್ ಮರ ಇಲ್ವಾ, ಆ ಬೀಚು!"

ಆ ಮನುಷ್ಯ ವೇದಿಕೆಯ ಮೆಟ್ಟಿಲಿಳಿದು ಬಂದ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಶಾಲೆಯ ಹುಡುಗನ ಹಾಗೆ, "ಬೀಚಮ್, ಬೀಚಮ್" ಎಂದು ಬಾಯಿಪಾಠ ಮಾಡಿದ. "ಸಾಯೋ ತನಕ ಮರೆಯಲ್ಲ, ಅಮ್ಮಾ" ಎಂದ. ಮುಂದೆ ಅವನು ಅಧ್ಯಕ್ಷನೂ ಆದ, ಅವಧಿ ಮುಗಿಸಿ ಮಾಜಿಯೂ ಆದ. ಓಲ್ಗಾಳಿಗೆ ಮಾತ್ರ ಅವನು ಆ ಗೇಟಿನ ಮುಂದಿನ ಮನುಷ್ಯನೇ. ಅವಳ ಈ ಕಥೆ ಕೇಳದವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಮಕ್ಕಳಿಗೆ ಬಸ್ಸಿನಲ್ಲಿ ಹೇಳಿದಳು, ಸತ್ತ ಮನೆಯಲ್ಲಿ ಹೇಳಿದಳು, ಹಲ್ಲು ಕೀಳಿಸಿಕೊಳ್ಳುವಾಗ ಬಾಯಲ್ಲಿ ಹತ್ತಿ ಇಟ್ಟುಕೊಂಡೂ ಹೇಳಿದ್ದಳಂತೆ.

ಈಸ್ಟರಿಗೆ ಮೊದಲಿನ ಉಪವಾಸದ ಶುಕ್ರವಾರಗಳಂದು ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿಯುವ ಊಟ ನಡೆಯುತ್ತದೆ. ಅದರ ಜೊತೆಗೆ ಪಿರೋಗಿ. ಹಿಟ್ಟು ಲಟ್ಟಿಸಿ, ಒಳಗೆ ಆಲೂಗಡ್ಡೆ, ಚೀಸು ಇಟ್ಟು, ಮಡಚಿ, ಅಂಚನ್ನು ಕಡುಬಿನ ಹಾಗೆ ಚಿವುಟಿ ಮುಚ್ಚಬೇಕು. ಗುರುವಾರ ಹೆಂಗಸರೆಲ್ಲ ಉದ್ದನೆಯ ಮೇಜಿನ ಸುತ್ತ ಕೂತು ಚಿವುಟುತ್ತಾರೆ. ಆ ಮೇಜಿಗೆ ಓಲ್ಗಾ ಒಂದು ಕಟ್ಟಳೆ ಮಾಡಿದ್ದಳು: ಹಿಟ್ಟು ಮುಗಿಯುವ ತನಕ ಯಾವ ಅಧ್ಯಕ್ಷನ ಹೆಸರೂ ಎತ್ತಕೂಡದು. ಹೆಸರು ಬಂದರೆ ಜಗಳ ಬರುತ್ತದೆ, ಜಗಳ ಬಂದರೆ ಬೆರಳು ಬಿಗಿ ತಪ್ಪುತ್ತದೆ, ಬೆರಳು ತಪ್ಪಿದ ಪಿರೋಗಿ ಕುದಿನೀರಿನಲ್ಲಿ ಬಾಯಿ ಬಿಡುತ್ತದೆ. ಹೆಂಗಸರು ಕಟ್ಟಳೆಯನ್ನು ಮುರಿಯಲಿಲ್ಲ, ಪಕ್ಕದಿಂದ ನುಸುಳಿದರು. ಮಾಜಿಯನ್ನು ಹಳಬ ಎಂದರು, ಈಗಿನವನನ್ನು ಹೊಸಬ ಎಂದರು. ಜಗಳ ಯಥಾಪ್ರಕಾರ ನಡೆಯಿತು.

"ಸೇತುವೆ ರಿಪೇರಿ ಯಾರ ಕಾಲದಲ್ಲಾಯ್ತು? ಹೊಸಬನ ಕಾಲದಲ್ಲಿ" ಎಂದಳು ಪೆಗ್ ದುಶಾಕ್. ಒಂದನೆಯ ತರಗತಿಯಿಂದಲೂ ಓಲ್ಗಾಳ ಪಕ್ಕದಲ್ಲೇ ಕೂತು, ಅಂದಿನಿಂದಲೂ ಅವಳೊಂದಿಗೆ ವಾದಿಸುತ್ತಿರುವ ಗೆಳತಿ.

"ದುಡ್ಡು ಹಳಬ ಇಟ್ಟು ಹೋಗಿದ್ದು ಕಣೇ. ಇವನು ರಿಬ್ಬನ್ನು ಕತ್ತರಿಸಿದ."

"ಕಾರ್ಖಾನೆ ಮುಚ್ಚಿದ್ದು ಯಾರ ಕಾಲದಲ್ಲಿ? ಅದನ್ನೂ ಹೇಳು."

"ಕಾರ್ಖಾನೆ ಮುಚ್ಚಿದ್ದು ಕಾರ್ಖಾನೆಯೋರು. ಅವನಿಗೆ ನಮ್ಮೂರ ಹೆಸರಾದ್ರೂ ಗೊತ್ತಿತ್ತು. ನಿನ್ನ ಹೊಸಬನಿಗೆ ಅವನ ಬಾಯಿ ಬಿಟ್ರೆ ಬೇರೇನೂ ಗೊತ್ತಿಲ್ಲ. ಚಿವುಟು, ಸುಮ್ನೆ."

ಅದೇ ವರ್ಷ ಲೆನ್ನಿ ರಾಜ್ಯದ ಶಾಸನಸಭೆಗೆ ನಿಂತ. ಮೇ ತಿಂಗಳಲ್ಲಿ ಪಕ್ಷದೊಳಗಿನ ಚುನಾವಣೆ, ಪಕ್ಷದ ಹುರಿಯಾಳು ಯಾರಾಗಬೇಕೆಂದು ಜನರೇ ಓಟು ಹಾಕಿ ಆರಿಸುವುದು. ನಮ್ಮ ಕಡೆ ಅದನ್ನು ಗೆದ್ದರೆ ಮುಂದಿನದನ್ನು ಗೆದ್ದ ಹಾಗೆಯೇ. ಅವನಿಗೆ ಎದುರಾಳಿ ಶಾಲಾ ಮಂಡಳಿಯ ಜೋಲೀನ್ ಬ್ರಾಡೆಕ್, ಒಳ್ಳೆಯ ಹೆಂಗಸೇ. ತಮಾಷೆಯೆಂದರೆ, ಹಳಬನೂ ಹೊಸಬನೂ ಒಂದೇ ಪಕ್ಷದವರು, ಆದರೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಹಳಬ ತನ್ನ ಬೆಂಬಲ ಜೋಲೀನಳಿಗೆ ಎಂದ. ಮಾರನೆಯ ದಿನವೇ ಹೊಸಬ, ಹಾಗಾದರೆ ನನ್ನ ಬೆಂಬಲ ಲೆನ್ನಿಗೆ ಎಂದ. ಲೆನ್ನಿಯ ಮುಖವನ್ನೂ ಅವನು ಕಂಡಿರಲಿಲ್ಲ. ಆದರೂ ಲೆನ್ನಿ ಬೇಡವೆನ್ನಲಿಲ್ಲ, ಯಾರು ತಾನೆ ಅನ್ನುತ್ತಾರೆ? ರಾಜಧಾನಿಯಿಂದ ಟ್ರೆವರ್ ಎಂಬ ಮ್ಯಾನೇಜರು ಬಂದ. ಬೋರ್ಡುಗಳು ಬಂದವು: ಮೇಲೆ ದಪ್ಪಗೆ ಲೆನ್ನಿ ಮಿಹಾಲಿಕ್, ಕೆಳಗೆ ಕೆಂಪು ಪಟ್ಟಿಯಲ್ಲಿ ಹೊಸಬನ ಹೆಸರು, ಅವನ ಬೆಂಬಲವಿದೆ ಎಂಬ ಮಾತು.

ಲೆನ್ನಿ ಮೊದಲ ಬೋರ್ಡನ್ನು ಬಗಲಲ್ಲಿಟ್ಟುಕೊಂಡು ಅವಳ ಬಾಗಿಲಿಗೆ ಬಂದ.

"ಟೆಟಾ, ಅಂಗಳದಲ್ಲಿ ನೆಡ್ಲಾ?"

ಓಲ್ಗಾ ಕನ್ನಡಕ ಏರಿಸಿ ಓದಿದಳು. "ಮೇಲಿಂದು ಸರಿ. ಕೆಳಗಿಂದು ಯಾಕೆ?"

"ಅದಿದ್ರೇನೇ ಓಟು ಬೀಳೋದು, ಟೆಟಾ."

"ಬೀಳ್ಲಿ, ಬೇರೆಯೋರ ಅಂಗಳದಲ್ಲಿ. ಅವನ ಹೆಸರು ನನ್ನ ಹುಲ್ಲಿನ ಮೇಲೆ ಬೇಡ. ನಾನು ಒಪ್ಪದೇ ಇರೋದನ್ನ ಒಪ್ಪಿದೀನಿ ಅಂತ ಬೀದಿಗೆ ಹೇಳ್ಲಾ?"

"ಜೋಲೀನಳದ್ದು ನೆಡ್ತೀಯಾ ಹಾಗಾದ್ರೆ?"

"ನಾನೇನು ಅಷ್ಟು ಕಟುಕಳೇನೋ? ಯಾರದ್ದೂ ಇಲ್ಲ. ಒಳಗೆ ಬಾ, ಸೂಪು ಇದೆ."

ಅವನು ಸೂಪು ಕುಡಿಯದೆ ಹೊರಟುಹೋದ. ಅವನಿಗೆ ಬೇಕಾಗಿದ್ದದ್ದು ಕೆಂಪು ದೀಪಕ್ಕೆ ನಿಲ್ಲುವವರ ಓಟು ಮಾತ್ರವಾಗಿರಲಿಲ್ಲ. ಒಂಬತ್ತರ ವಯಸ್ಸಿನಿಂದ ಆ ಮನೆಯ ಅನ್ನ ತಿಂದವನು. ತನ್ನ ಹೆಸರು ಆ ಅಂಗಳದಲ್ಲಿ ನಿಲ್ಲಬೇಕು, ಅವಳೇ ನಿಲ್ಲಿಸಬೇಕು ಎಂಬ ಆಸೆ. ಅವಳಿಗೆ ಅದು ತಿಳಿಯದೆ ಇರಲಿಲ್ಲ. ತಿಳಿದೂ ಒಪ್ಪಿಗೆಯಾಗದ ಮಾತನ್ನು ಆಡಲಾರಳು. ಎರಡು ದಿನ ಅವಳಿಗೂ ಊಟ ಸೇರಲಿಲ್ಲ ಎಂದು ಪೆಗ್ ಆಮೇಲೆ ಹೇಳಿದಳು.

ಅಂಗಳ ಬೋಳಾಗಿಯೇ ಉಳಿಯಿತು. ಊರು ಅದನ್ನು ತನಗೆ ತೋಚಿದಂತೆ ಓದಿಕೊಂಡಿತು. "ಸಾಕಿದೋಳೇ ಕೈ ಬಿಟ್ಲು, ನಾವ್ಯಾಕೆ ಹಾಕೋಣ?" ಎಂದವರಿದ್ದರು. ಟ್ರೆವರ್ ಒಂದು ದಿನ ಸ್ವತಃ ಬಂದು, "ಮೇಡಂ, ನಮ್ಮ ಸಮೀಕ್ಷೆಯ ಪ್ರಕಾರ ನಿಮ್ಮ ಅಂಗಳದಿಂದ ನಮಗೆ ನಷ್ಟವಾಗ್ತಿದೆ" ಎಂದ. ಓಲ್ಗಾ ಅವನ ಹೊಳೆಯುವ ಬೂಟು ನೋಡಿ, "ಹುಲ್ಲು ಒದ್ದೆ ಇದೆ ಮಗಾ, ಇಳಿದು ಹೋಗು" ಎಂದಳು.

ಕಡೆಯ ಶುಕ್ರವಾರದ ಮೀನೂಟಕ್ಕೆ ಇಬ್ಬರು ಹುರಿಯಾಳುಗಳೂ ಬಂದರು. ನೆಲಮಾಳಿಗೆ ಕಿಕ್ಕಿರಿದಿತ್ತು. ಹೊಸಬ ಲೆನ್ನಿಗಾಗಿ ಧ್ವನಿಮುದ್ರಿಸಿ ಕಳಿಸಿದ್ದ ಮಾತನ್ನು ಟ್ರೆವರ್ ಧ್ವನಿವರ್ಧಕದಲ್ಲಿ ಹಾಕಿದ. ಎಲ್ಲರೂ ಫೋರ್ಕು ಕೆಳಗಿಟ್ಟು ಕಿವಿಗೊಟ್ಟರು. ಮೊದಲ ವಾಕ್ಯವೇ, "ಬೋಶಾಂನ ಮಹಾಜನತೆಯೇ..."

ಹಿಂದಿನ ಮೇಜಿನಿಂದ ಯಾರೋ ಕಿಸಕ್ಕೆಂದರು. ಇಡೀ ನೆಲಮಾಳಿಗೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಓಲ್ಗಾ. ಅಡುಗೆಮನೆಯ ಬಡಿಸುವ ಕಿಂಡಿಯಲ್ಲಿ ಜಾಲರಿಸೌಟು ಹಿಡಿದು ನಿಂತಿದ್ದವಳು ಹೊಟ್ಟೆ ಹಿಡಿದುಕೊಂಡಳು. ಲೆನ್ನಿಯ ಕಿವಿ ಕೆಂಪಗಾದದ್ದನ್ನು ಅವಳು ನೋಡಿದಳೋ ಇಲ್ಲವೋ. ಪೆಗ್ ನೋಡಿದಳು, "ಸಾಕು ನಿಲ್ಸೇ, ಹುಡುಗ ನೊಂದ್ಕೋತಾನೆ" ಎಂದಳು.

"ಹೇಳಿರ್ಲಿಲ್ವೇನೇ? ಅವನಿಗೆ ನಮ್ಮ ಹೆಸರೇ ಗೊತ್ತಿಲ್ಲ!"

ಈಗ ಜೋಲೀನಳ ಸರದಿ. ಹಳಬನ ಮಾತೂ ಧ್ವನಿಮುದ್ರಿಕೆಯಲ್ಲೇ ಬಂದಿತ್ತು. ಓಲ್ಗಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಕಿಂಡಿ ಬಿಟ್ಟು ಹೊರಗೆ ಬಂದು, ಸಭೆಯ ನಡುವೆ ನಿಂತಳು. "ಶ್! ಸುಮ್ನಿರಿ. ಈಗ ಕೇಳಿ. ಈಗ ಕೇಳಿ ಬೇಕಾದ್ರೆ" ಎಂದಳು. ಕೆನ್ನೆ ಹುಡುಗಿಯ ಹಾಗೆ ಕೆಂಪೇರಿತ್ತು.

ಹಳಬನ ದನಿಗೆ ವಯಸ್ಸಾಗಿತ್ತು. ಆದರೂ ಅದೇ ದನಿ, ಅದೇ ಆತ್ಮೀಯತೆ. "ಗೆಳೆಯರೇ," ಎಂದ. "ನನ್ನ ಪ್ರೀತಿಯ ಬೋಶಾಂನ ಗೆಳೆಯರೇ."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರೂ ಓಲ್ಗಾಳ ಕಡೆ ತಿರುಗಿದರು. ಆ ಕಥೆ ಕೇಳಿ ದೊಡ್ಡವರಾದವರೇ ಎಲ್ಲ. ಹಳಬನ ದನಿ ರೈತರ ಬಗ್ಗೆ, ಕೆಲಸದ ಬಗ್ಗೆ ಏನೇನೋ ಹೇಳುತ್ತಲೇ ಇತ್ತು. ಓಲ್ಗಾ ನಿಂತಲ್ಲೇ ನಿಂತಿದ್ದಳು. ಅವಳಿಗೆ ಗೇಟಿನ ಮುಂದಿನ ಚಳಿ ನೆನಪಾಯಿತು, ಆಂಡಿಯ ಡಬ್ಬಿ ನೆನಪಾಯಿತು. ಮರೆತುಬಿಟ್ಟನಲ್ಲ ಎಂದು ಎದೆಗೆ ಭರ್ಜಿ ಹೊಕ್ಕ ಹಾಗಾಯಿತು. ಇಷ್ಟು ಜನರ ಮುಂದೆ ಬಂದು ನಿಂತದ್ದಕ್ಕೆ ನಾಚಿಕೆಯೂ ಆಯಿತು. ತಾನು ಒಂದು ಸಲ ಕೈ ಹಿಡಿದದ್ದಕ್ಕೆ ಬದುಕೆಲ್ಲ ಬಡ್ಡಿ ಎಣಿಸಿದ ಪೆದ್ದಿ ಎಂದು ಅವಳಿಗೆ ಅನ್ನಿಸಿತು.

ಟ್ರೆವರ್‌ನ ಕಣ್ಣು ಮಿಂಚಿತು. ಮೈಕನ್ನು ಲೆನ್ನಿಯ ಕೈಗೆ ತುರುಕಿ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಹತ್ತಿರ ಕೂತಿದ್ದ ಪೆಗ್‌ಗೆ ಅದು ಕೇಳಿಸಿತು: "ಹೇಳಿ, ಇವತ್ತೇ ಗೆದ್ದುಬಿಡ್ತೀರಿ. ಕೈಹಿಡಿದು ಮಾತು ಕೊಟ್ಟವನೇ ಮರೆತ ಅಂತ ಹೇಳಿ. ಮುದುಕಿಯನ್ನ ತೋರಿಸಿ ಹೇಳಿ."

ಲೆನ್ನಿ ಮೈಕು ಹಿಡಿದು ಎದ್ದ. ಟೆಟಾಳನ್ನು ನೋಡಿದ.

"ಅದು... ಯಾರೋ ಪಟ್ಟಣದೋರು ಬರೆದುಕೊಟ್ಟಿರ್ತಾರೆ, ಅವರು ಓದಿರ್ತಾರೆ ಅಷ್ಟೆ" ಎಂದ. "ಅವರಿಗೆ ಹೆಸರು ಚೆನ್ನಾಗೇ ಗೊತ್ತು. ಅವತ್ತು ಗೇಟಿನ ಹತ್ರ ಬೀಚಮ್ ಅಂತ ಸರಿಯಾಗಿ ಹೇಳಿದ್ರು. ಎಷ್ಟೋ ವರ್ಷ ಆದ್ಮೇಲೆ ಒಂದ್ಸಲ ನಮ್ಮ ಮನೆಗೆ ಫೋನೂ ಮಾಡಿದ್ರು, ಆಗ್ಲೂ ಸರಿಯಾಗೇ ಅಂದ್ರು. ಫೋನ್ ತಗೊಂಡಿದ್ದು ನಾನೇ. ಗೇಟಿನ ಹತ್ರಾನೂ ನಾನಿದ್ದೆ. ಅಂಕಲ್ ಆಂಡಿಯ ಹೆಗಲ ಮೇಲೆ ಕೂತಿದ್ದೆ. ನನ್ನ ಕಿವಿಯಾರೆ ಕೇಳಿದೀನಿ."

ಟ್ರೆವರ್ ತಲೆಯ ಮೇಲೆ ಕೈ ಹೊತ್ತುಕೊಂಡ. ತನ್ನ ಹುರಿಯಾಳು ಎದುರಾಳಿಯ ಬೆಂಬಲಿಗನನ್ನು ಹೊಗಳುವುದನ್ನು ಅವನು ಯಾವ ಊರಿನಲ್ಲೂ ನೋಡಿರಲಿಲ್ಲ.

"ಸುಳ್ಳು!" ಎಂಬ ದನಿ ಬಂತು. ಬಸ್ಸಿನ ದನಿ. ಇಬ್ಬರು ಮೂವರು ಅಭ್ಯಾಸಬಲದಿಂದ ನೆಟ್ಟಗೆ ಕೂತರು.

"ಶುದ್ಧ ಸುಳ್ಳು. ಅವತ್ತು ನೀನೆಲ್ಲಿದ್ಯೋ ಅಲ್ಲಿ? ಮೈತುಂಬ ಚಿಕನ್ ಪಾಕ್ಸ್ ಎದ್ದು ಮನೇಲಿ ಮಲಗಿದ್ದೆ. ನಿನ್ನ ಕೆರೆತಕ್ಕೆ ರಾತ್ರಿಯೆಲ್ಲ ನಿದ್ದೆ ಇಲ್ದೇನೇ ಆಂಡಿ ಡಬ್ಬಿ ಮರೆತು ಹೋಗಿದ್ದು. ಹೆಗಲ ಮೇಲಂತೆ! ನಿನ್ನಂಥ ಎಮ್ಮೆಕರೂನ ಹೊತ್ತಿದ್ರೆ ಅವನ ಬೆನ್ನು ಅವತ್ತೇ ಮುರೀತಿತ್ತು. ಫೋನಂತೆ! ಯಾವನೂ ಫೋನು ಮಾಡ್ಲಿಲ್ಲ."

ಓಲ್ಗಾ ಧ್ವನಿವರ್ಧಕದ ಕಡೆ ಒಮ್ಮೆ ನೋಡಿದಳು.

"ಆ ಮನುಷ್ಯ ಮರೆತ. ಅಷ್ಟೇ. ಎಷ್ಟು ಊರು ನೋಡಿದಾನೋ, ಎಷ್ಟು ಕೈ ಹಿಡಿದಿದಾನೋ. ಅವತ್ತು ಹೇಳ್ದಾಗ ಸುಳ್ಳು ಹೇಳ್ಲಿಲ್ಲ ಅವನು, ಅದು ನನಗೆ ಗೊತ್ತು. ಒಳ್ಳೇ ಮನುಷ್ಯ. ಆದ್ರೆ ಮರೆತ." ಅವಳು ಲೆನ್ನಿಯ ಕಡೆ ತಿರುಗಿದಳು. "ನೀನು ಸುಳ್ಳು ಹೇಳೋದಾದ್ರೆ ನಿನಗೆ ಓಟು ತರೋ ಸುಳ್ಳಾದ್ರೂ ಹೇಳ್ಬಾರ್ದೇನೋ? ಇಂಥ ಪೆದ್ದನ್ನ ಶಾಸನಸಭೆಗೆ ಕಳಿಸಿದ್ರೆ ಅಲ್ಲಿ ಏನು ಮಾಡ್ತಾನಪ್ಪಾ!"

ಜನ ಗೊಳ್ಳೆಂದರು. ಲೆನ್ನಿ ಮೈಕು ಇಟ್ಟು ತಲೆ ತಗ್ಗಿಸಿ ನಿಂತಿದ್ದ.

"ನಾಳೆ ಬೋರ್ಡು ತಗೊಂಡು ಬಾ" ಎಂದಳು ಓಲ್ಗಾ. "ಬೇಲಿ ಕತ್ತರಿಸೋ ಕತ್ತರಿ ನನ್ನ ಹತ್ರ ಇದೆ. ಈಗ ಎಲ್ಲಾರೂ ತಿನ್ನಿ, ಮೀನು ತಣ್ಣಗಾಗ್ತಿದೆ."

ಒಳಗೆ ಹೋದವಳು ಒಲೆಯ ಮುಂದೆ ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತಳು. ಪೆಗ್ ಬಂದು ಪಕ್ಕದಲ್ಲಿ ನಿಂತು, ಹತ್ತಿರವಿದ್ದ ತಟ್ಟೆಯನ್ನು ಸುಮ್ಮನೆ ಒರೆಸತೊಡಗಿದಳು. ಅದು ಆಗಲೇ ಒಣಗಿತ್ತು. "ನಮ್ಮ ಹೊಸಬನೂ ತಪ್ಪೇ ಹೇಳಿದ್ನಲ್ಲೇ" ಎಂದಳು. "ಹ್ಞೂಂ, ಆದ್ರೆ ಅವನಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ, ಪಾಪ" ಎಂದಳು ಓಲ್ಗಾ. ಹೊಸಬನ ಬಗ್ಗೆ ಅವಳ ಬಾಯಿಂದ ಬಂದ ಒಂದೇ ಒಂದು ಒಳ್ಳೆಯ ಮಾತು ಅದು.

ಮರುದಿನ ಅವಳೇ ಬೋರ್ಡಿನ ಕೆಳಗಿನ ಕೆಂಪು ಪಟ್ಟಿಯನ್ನು ಕತ್ತರಿಸಿ, ಉಳಿದದ್ದನ್ನು ಸುತ್ತಿಗೆಯಿಂದ ಹೊಡೆದು ಅಂಗಳದಲ್ಲಿ ನೆಟ್ಟಳು. ಮೇಲೆ ಲೆನ್ನಿ ಮಿಹಾಲಿಕ್, ಕೆಳಗೆ ಏನೂ ಇಲ್ಲ. ವಾರದೊಳಗೆ ಮೂರನೆಯ ಬೀದಿಯಲ್ಲೆಲ್ಲ ಮೊಂಡು ಬೋರ್ಡುಗಳು ಕಂಡವು. ಜೋಲೀನಳ ಬೋರ್ಡುಗಳ ಕೆಳಗಿದ್ದ ಹಳಬನ ಹೆಸರನ್ನೂ ಜನ ಕತ್ತರಿಸಿ, ಲೆನ್ನಿಯವೂ ಜೋಲೀನಳವೂ ಒಂದೇ ಎತ್ತರಕ್ಕೆ ಬಂದುಬಿಟ್ಟಿದ್ದವು. ಹೊಸಬನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಪೆಗ್ ಕೂಡ ಕತ್ತರಿ ಕೇಳಲು ಬಂದಳು. "ಅವನ ಮೇಲೆ ಪ್ರೀತಿ ಹೋಗಿಲ್ಲ ಕಣೇ, ಆದ್ರೆ ಬೋಶಾಂ ಅಂದ್ನಲ್ಲ" ಎಂದಳು. ಟ್ರೆವರ್ ಆ ಬೀದಿಯಲ್ಲಿ ಕಾರು ನಿಲ್ಲಿಸಿ ಎರಡೂ ಬದಿ ನೋಡಿ, ರಾಜಧಾನಿಗೆ ಹೊರಟುಹೋದ. ಅವನು ಮತ್ತೆ ಬರಲಿಲ್ಲ.

ಲೆನ್ನಿ ಸೋತ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಕಾಯಿಸುವುದಿಲ್ಲ. ಬೀಚಮ್‌ನಲ್ಲಿ ಗೆದ್ದ, ನದಿಯಾಚೆಯ ಊರುಗಳಲ್ಲಿ ಸೋತ. ಅಲ್ಲಿಯ ಹೆಸರುಗಳೆಲ್ಲ ಓದಿದ ಹಾಗೆಯೇ ಕರೆಯುವಂಥವು, ಹಳಬ ಅವನ್ನು ಸರಿಯಾಗಿಯೇ ಹೇಳಿದ್ದ. ಜೋಲೀನ್ ಈಗ ನಮ್ಮ ಶಾಸಕಿ, ಕೆಲಸ ಚೆನ್ನಾಗಿಯೇ ಮಾಡುತ್ತಾಳೆ. ಆದರೆ ನಾನು ಹೇಳಬೇಕೆಂದಿರುವುದು ಮತದಾನದ ದಿನದ ಸಂಗತಿ, ಫಲಿತಾಂಶ ಇನ್ನೂ ಬಂದಿರಲಿಲ್ಲ.

ಶಾಲೆಯ ಆಟದ ಹಾಲಿನಲ್ಲಿ ಓಟು ಹಾಕಿ ಓಲ್ಗಾ ಹೊರಗೆ ಬಂದಳು. ಬಾಗಿಲ ಬಳಿ ಪಟ್ಟಣದ ಪೇಪರಿನ ಒಬ್ಬಳು ಹುಡುಗಿ, ಬಂದವರನ್ನೆಲ್ಲ ನಿಲ್ಲಿಸಿ ಅಭಿಪ್ರಾಯ ಕೇಳುತ್ತಿದ್ದಳು. ಹುರಿಯಾಳುಗಳು ಇಷ್ಟರಿಂದಾಚೆ ನಿಲ್ಲಬೇಕೆಂದು ಹಾಕಿದ ಗೆರೆಯ ಆಚೆ ಲೆನ್ನಿ ಕರಪತ್ರ ಹಿಡಿದು ನಿಂತಿದ್ದ.

"ಅಮ್ಮಾ, ಹಿಂದಿನ ಅಧ್ಯಕ್ಷರ ಬಗ್ಗೆ ನಿಮ್ಮ ಅಭಿಪ್ರಾಯ?" ಹುಡುಗಿ ಕೇಳಿದಳು.

"ಇಷ್ಟ."

"ಈಗಿನವರು?"

"ಆಗಲ್ಲ."

"ಹಾಗಾದ್ರೆ ಹಿಂದಿನವರು ಬೆಂಬಲಿಸಿದವರಿಗೇ ಹಾಕಿರ್ತೀರಿ."

"ಇಲ್ಲ. ಲೆನ್ನಿಗೆ ಹಾಕಿದೆ."

ಹುಡುಗಿ ಗೊಂದಲದಿಂದ ಮುಖ ಎತ್ತಿದಳು. "ಅವರಿಗೆ ಈಗಿನವರ ಬೆಂಬಲ ಅಲ್ವಾ? ನಿಮಗೆ ಇಷ್ಟ ಇಲ್ದೇ ಇರೋರು ಹೇಳಿದ್ದಕ್ಕೆ ಹಾಕಿದ್ರಾ?"

"ಯಾರು ಹೇಳಿದ್ದಕ್ಕೂ ಅಲ್ಲಮ್ಮಾ."

"ಮತ್ತೆ ಯಾಕೆ? ಅವರು ನಿಮಗೇನಾಗ್ಬೇಕು?"

ಓಲ್ಗಾ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನನ್ನ ಮಗ" ಎಂದಳು.

ಅವಳ ದನಿ ಮೆಲ್ಲಗಾಡಲು ಬಾರದ ದನಿ, ಗೆರೆಯ ಆಚೆಗೂ ಕೇಳಿಸಿತು. ಲೆನ್ನಿಯ ಕೈಯಲ್ಲಿದ್ದ ಕರಪತ್ರಗಳು ಬಿದ್ದು ಮೆಟ್ಟಿಲ ಮೇಲೆಲ್ಲ ಹರಡಿದವು. ಅವನು ಅವುಗಳ ಮೇಲೆಯೇ ಕಾಲಿಟ್ಟುಕೊಂಡು ಗೆರೆ ದಾಟಿ ಬಂದ.

"ಟೆಟಾ, ಏನಂದೆ ಈಗ?"

"ಕಿವುಡೇನೋ ನಿಂಗೆ? ಗೆರೆ ದಾಟಿದೀಯಾ, ಆಚೆ ಹೋಗು, ಪೊಲೀಸಿನೋರು ಹಿಡೀತಾರೆ" ಎಂದು ಗದರಿದಳು ಓಲ್ಗಾ. ಆದರೆ ಅವನ ಅಂಗಿಯ ತೋಳನ್ನು ಹಿಡಿದಿದ್ದ ಕೈ ಬಿಡಲಿಲ್ಲ.